ಲೌಟರ್‌ಬ್ರುನ್ನೆನ್ ಕಣಿವೆ: ಬೇಸಿಗೆಯಲ್ಲಿ ಕೆಳಗೆ ತಂಗಿ, ಚಳಿಗಾಲದಲ್ಲಿ ಮೇಲೆ

ಸ್ವಿಟ್ಜರ್ಲೆಂಡಿಗೆ ಹೋಗುವ ನಮ್ಮವರಲ್ಲಿ ಬಹಳ ಮಂದಿ ಲೌಟರ್‌ಬ್ರುನ್ನೆನ್ ಕಣಿವೆಯನ್ನು ಅರ್ಧ ದಿನಕ್ಕೆ ಮುಗಿಸಿಬಿಡುತ್ತಾರೆ. ಬಸ್ಸಿಳಿದು ಸ್ಟೌಬ್‌ಬಾಖ್ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು, ಹಿಮಶಿಖರಗಳ ನಡುವಿನ ಯುಂಗ್‌ಫ್ರೌಯೋಖ್ ನಿಲ್ದಾಣದ ರೈಲು ಹತ್ತಿ ಇಳಿದು, ರಾತ್ರಿ ಊಟಕ್ಕೆ ಇನ್ನೊಂದು ಊರು ಸೇರುತ್ತಾರೆ. ಹಾಗೆ ನೋಡಿದರೆ ಈ ಕಣಿವೆ ತೀರಾ ದುಬಾರಿ. ಯುಂಗ್‌ಫ್ರೌಯೋಖ್‌ಗೆ ನಿಗದಿಯಾದ ಆ ಒಂದೇ ದಿನ ಮೋಡ ಕವಿದರೆ ತಲೆಗೆ ನೂರಾರು ಫ್ರಾಂಕ್ ತೆತ್ತು ಬಿಳಿ ಗೋಡೆ ನೋಡಿ ಬಂದಂತಾಗುತ್ತದೆ. ಕನಿಷ್ಠ ನಾಲ್ಕು ರಾತ್ರಿ ಇಟ್ಟುಕೊಳ್ಳಿ. ಬಿಸಿಲಿದ್ದ ದಿನ ಮೇಲೆ, ಮಳೆಯ ದಿನ ಕೆಳಗೆ ಎಂದು ಹೊಂದಿಸಿಕೊಳ್ಳುವ ಅವಕಾಶ ಇದ್ದರೆ ಮಾತ್ರ ಇಲ್ಲಿ ಕೊಟ್ಟ ಹಣಕ್ಕೆ ಬೆಲೆ ಬರುತ್ತದೆ.

ಎಲ್ಲಿ ಉಳಿದುಕೊಳ್ಳಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಋತುವಿನ ಜೊತೆ ಬದಲಾಗುತ್ತದೆ. ಈ ಕಣಿವೆ ಎರಡು ಅಂತಸ್ತಿನ ಮನೆಯಂತಿದೆ. ಕೆಳಗೆ ಸಪಾಟು ನೆಲ. ಲೌಟರ್‌ಬ್ರುನ್ನೆನ್ ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಅಂದರೆ ಬೆಂಗಳೂರಿಗಿಂತಲೂ ತಗ್ಗು. ಅದರ ಎರಡೂ ಕಡೆ ಸುಣ್ಣಕಲ್ಲಿನ ಬಂಡೆಗಳು ನೇರವಾಗಿ ಎದ್ದು ನಿಂತಿವೆ. ಆ ಬಂಡೆಗಳ ನೆತ್ತಿಯಲ್ಲಿ ಹುಲ್ಲುಗಾವಲಿನ ಮೇಲಂತಸ್ತು: ಪೂರ್ವಕ್ಕೆ 1274 ಮೀಟರಿನಲ್ಲಿ ವೆಂಗೆನ್, ಪಶ್ಚಿಮಕ್ಕೆ 1363ರಲ್ಲಿ ಗಿಮ್ಮೆಲ್‌ವಾಲ್ಡ್, 1638ರಲ್ಲಿ ಮ್ಯೂರೆನ್. ಇವಕ್ಕೂ ಮೇಲೆ ಶಿಖರಗಳು. ವೆಂಗೆನ್ ಕಡೆಯಿಂದ ರೈಲು ಹತ್ತುವ ಕ್ಲೈನೆ ಷೈಡೆಗ್ ಕಣಿವೆದಾರಿಯೇ 2061 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ.

ತಲುಪುವುದು ಸುಲಭ, ಒಂದು ಕಡೆ ಮಾತ್ರ ಎಚ್ಚರ ಬೇಕು. ಜ್ಯೂರಿಕ್ ವಿಮಾನ ನಿಲ್ದಾಣದಿಂದ ಬರ್ನ್ ಮೂಲಕ ಇಂಟರ್‌ಲಾಕೆನ್ ಓಸ್ಟ್‌ಗೆ ಬಂದು, ಅಲ್ಲಿಂದ ಇಪ್ಪತ್ತು ನಿಮಿಷದ ಸಣ್ಣ ರೈಲಿನಲ್ಲಿ ಲೌಟರ್‌ಬ್ರುನ್ನೆನ್ ಸೇರಬೇಕು. ಈ ಸಣ್ಣ ರೈಲು ತ್ಸ್ವೈಲ್ಯುಟ್ಷಿನೆನ್ ಎಂಬ ನಿಲ್ದಾಣದಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಭಾಗ ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ರೈಲು ಸರಿಯಾದದ್ದೇ, ಬೋಗಿ ತಪ್ಪು ಎಂಬ ಪೇಚು ಇಲ್ಲಿ ದಿನವೂ ನಡೆಯುತ್ತದೆ. ಹತ್ತುವ ಮೊದಲು ಬೋಗಿಯ ಪಕ್ಕದ ಫಲಕ ಓದಿ. ಮನೆಮಂದಿಯೆಲ್ಲ ಒಂದೇ ಭಾಗದಲ್ಲಿ ಕೂತಿದ್ದಾರೆಯೇ ಎಂದೂ ನೋಡಿಕೊಳ್ಳಿ.

ವೆಂಗೆನ್, ಮ್ಯೂರೆನ್ ಎರಡಕ್ಕೂ ಕಾರು ಹೋಗುವುದಿಲ್ಲ. ಬಾಡಿಗೆ ಕಾರಿನಲ್ಲಿ ಬಂದವರು ವೆಂಗೆನ್‌ಗಾದರೆ ಲೌಟರ್‌ಬ್ರುನ್ನೆನ್ ನಿಲ್ದಾಣದ ಪಕ್ಕದ ಬಹುಮಹಡಿ ಪಾರ್ಕಿಂಗಿನಲ್ಲಿ, ಮ್ಯೂರೆನ್‌ಗಾದರೆ ಸ್ಟೆಖೆಲ್‌ಬೆರ್ಗ್‌ನ ಕೇಬಲ್ ಕಾರ್ ನಿಲ್ದಾಣದಲ್ಲಿ ಬಿಡಬೇಕು. ದೊಡ್ಡ ಸೂಟ್‌ಕೇಸ್ ಇದ್ದವರಿಗೆ ವೆಂಗೆನ್ ದಾರಿ ಸಲೀಸು: ರೈಲಿನಿಂದ ರೈಲಿಗೆ, ಕಾಲು ಗಂಟೆ. ಮ್ಯೂರೆನ್‌ಗೆ ಎರಡು ದಾರಿ. ಲೌಟರ್‌ಬ್ರುನ್ನೆನ್‌ನಿಂದ ಕೇಬಲ್ ಕಾರಿನಲ್ಲಿ ಗ್ರ್ಯುಟ್ಷಾಲ್ಪ್‌ಗೆ ಏರಿ ಅಲ್ಲಿಂದ ಪುಟ್ಟ ರೈಲು ಹಿಡಿಯುವುದು ಒಂದು. 141ನೇ ನಂಬರಿನ ಬಸ್ಸಿನಲ್ಲಿ ಸ್ಟೆಖೆಲ್‌ಬೆರ್ಗ್ ಕಡೆ ಹೋಗಿ ಹೊಸ ಕೇಬಲ್ ಕಾರ್ ಹತ್ತುವುದು ಇನ್ನೊಂದು. 2024ರ ಡಿಸೆಂಬರಿನಲ್ಲಿ ಶುರುವಾದ ಈ ಹೊಸ ಮಾರ್ಗದ ಕಡಿದು ಶೇಕಡಾ 159. ಜಗತ್ತಿನ ಅತಿ ಕಡಿದಾದ ಕೇಬಲ್ ಕಾರ್ ಇದೇ. ತಲೆ ಸುತ್ತುವವರು ಗ್ರ್ಯುಟ್ಷಾಲ್ಪ್ ದಾರಿಯಲ್ಲೇ ಹೋಗಲಿ, ನೋಟವೂ ಅಲ್ಲಿ ಹೆಚ್ಚು ಹೊತ್ತು ಸಿಗುತ್ತದೆ. ಹೋಟೆಲಿಗೆ ಮೊದಲೇ ತಿಳಿಸಿದರೆ ಎಷ್ಟೋ ಕಡೆ ವಿದ್ಯುತ್ ಗಾಡಿಯಲ್ಲಿ ಸಾಮಾನು ಒಯ್ಯಲು ಬರುತ್ತಾರೆ.

ಬೇಸಿಗೆ: ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆ

ಬೇಸಿಗೆಯಲ್ಲಿ ಕೆಳಗಿನ ಊರೇ ಲೇಸು. ರೈಲು, ಬಸ್ಸು, ಕೇಬಲ್ ಕಾರ್ ಎಲ್ಲವೂ ಅಲ್ಲಿಂದಲೇ ಹೊರಡುವುದರಿಂದ ಬೆಳಿಗ್ಗೆ ಆಕಾಶ ನೋಡಿ ಯಾವ ದಿಕ್ಕಿಗಾದರೂ ಹೊರಡಬಹುದು. ದಿನದ ಪ್ರವಾಸಿಗರು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಊರಿನ ಒಂದೇ ಮುಖ್ಯ ಬೀದಿಯನ್ನು ತುಂಬಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನೀವು ಮೇಲಿರಿ. ಹೊತ್ತು ಮುಳುಗಲು ರಾತ್ರಿ ಒಂಬತ್ತಾಗುವ ಜೂನ್, ಜುಲೈಯಲ್ಲಿ ಸಂಜೆಯ ಕಣಿವೆ ಉಳಿದುಕೊಂಡವರ ಪಾಲಿಗೆ.

ಸ್ಟೌಬ್‌ಬಾಖ್ ಸುಮಾರು 297 ಮೀಟರಿನ ಒಂದೇ ಧುಮುಕು, ನಮ್ಮ ಜೋಗಕ್ಕಿಂತ ಎತ್ತರ. ಆದರೆ ನೀರಿನ ಗಾತ್ರದಲ್ಲಿ ಜೋಗದ ಮಳೆಗಾಲವನ್ನು ನೆನೆಯುತ್ತಾ ಹೋದವರಿಗೆ ನಿರಾಸೆ ಖಂಡಿತ. ಗಾಳಿ ಬೀಸಿದರೆ ನೀರು ನೆಲ ಮುಟ್ಟುವ ಮೊದಲೇ ತುಂತುರಾಗಿ ಚೆದುರುತ್ತದೆ. ಹಿಮ ಕರಗುವ ಮೇ, ಜೂನ್ ತಿಂಗಳಲ್ಲಿ ತುಂಬಿ ಸುರಿಯುತ್ತದೆ, ಆಗಸ್ಟ್ ಕೊನೆಗೆ ಸೊರಗುತ್ತದೆ. ಅದಕ್ಕಿಂತ ಟ್ರ್ಯುಮ್ಮೆಲ್‌ಬಾಖ್ ಹೆಚ್ಚು ಮೈ ನಡುಗಿಸುವ ಜಾಗ. ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳ ಹಿಮನದಿಗಳ ನೀರು ಬೆಟ್ಟದ ಹೊಟ್ಟೆಯೊಳಗೆ ಹತ್ತು ಜಲಪಾತಗಳಾಗಿ ಇಳಿಯುತ್ತದೆ. ಉಕ್ಕುವ ಕಾಲದಲ್ಲಿ ಸೆಕೆಂಡಿಗೆ 20,000 ಲೀಟರ್‌ವರೆಗೆ. ಬಂಡೆಯೊಳಗಿನ ಲಿಫ್ಟಿನಲ್ಲಿ ಮೇಲೆ ಹೋಗಿ, ಮೆಟ್ಟಿಲಿಳಿಯುತ್ತಾ ನೋಡಿಕೊಂಡು ಬರಬೇಕು. ಒಳಗೆ ಮೆಟ್ಟಿಲು ಒದ್ದೆ, ಗಾಳಿ ತಣ್ಣಗೆ. ಚಪ್ಪಲಿ ಬೇಡ, ಮಳೆ ಜಾಕೆಟ್ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಮೋಡ ಕವಿದ ದಿನಕ್ಕೆ ಇದನ್ನು ಕಾದಿರಿಸಿ: ಬೆಟ್ಟದೊಳಗೆ ಮೋಡದ ಕಾಟವಿಲ್ಲ, ಮಳೆ ಬಂದಷ್ಟೂ ನೀರು ಹೆಚ್ಚು.

ನಡಿಗೆಗೆ ಇಲ್ಲಿನ ದಾರಿಸೂಚಿಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಬರೀ ಹಳದಿ ಫಲಕವೆಂದರೆ ಸಾಮಾನ್ಯ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟಿಯೆಂದರೆ ಬೆಟ್ಟದ ದಾರಿ. ಗಟ್ಟಿ ತಳದ ಬೂಟು, ಜಾರದ ಹೆಜ್ಜೆ ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ಅನುಭವವಿಲ್ಲದವರು ಹಿಂದಿರುಗಬೇಕು. ಫಲಕದ ಮೇಲಿನ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ. ಮಕ್ಕಳು, ಹಿರಿಯರು ಜೊತೆಗಿದ್ದರೆ ಅದಕ್ಕೆ ಅರ್ಧದಷ್ಟು ಇನ್ನೂ ಸೇರಿಸಿ ಲೆಕ್ಕ ಹಾಕಿ, ಕೊನೆಯ ಕೇಬಲ್ ಕಾರಿನ ಹೊತ್ತಿಗೆ ಹೋಲಿಸಿ ಹೊರಡಿ.

ಮೊಣಕಾಲು ನೋವಿನವರಿಗೂ ಆಗುವ ದಾರಿ ಗ್ರ್ಯುಟ್ಷಾಲ್ಪ್‌ನಿಂದ ಮ್ಯೂರೆನ್‌ಗೆ. ರೈಲು ಹಳಿಯ ಜೊತೆಜೊತೆಗೇ ಹೆಚ್ಚುಕಡಿಮೆ ಸಮತಟ್ಟಾಗಿ ಒಂದೂಕಾಲು ಗಂಟೆ. ಎದುರಿಗೆ ಉದ್ದಕ್ಕೂ ಮೂರು ಶಿಖರಗಳು. ಸಾಕಾಯಿತೆಂದರೆ ನಡುವಿನ ವಿಂಟರೆಗ್ ನಿಲ್ದಾಣದಲ್ಲಿ ರೈಲು ಹತ್ತಿಕೊಳ್ಳಬಹುದು. ವೆಂಗೆನ್ ನೆತ್ತಿಯ ಮೆನ್‌ಲಿಖೆನ್ ಬೆಟ್ಟದಿಂದ ಕ್ಲೈನೆ ಷೈಡೆಗ್‌ಗೆ ನಾಲ್ಕೂವರೆ ಕಿಲೋಮೀಟರ್, ಒಂದೂವರೆ ಗಂಟೆ, ಮೆಲ್ಲನೆ ಇಳಿಜಾರು. ಒಂದೇ ಒಂದು ನಡಿಗೆಗೆ ಸಮಯವಿದ್ದರೆ ಇದನ್ನು ಆರಿಸಿ. ವೆಂಗೆನ್‌ನಿಂದ ಮೆನ್‌ಲಿಖೆನ್‌ಗೆ ಏರುವ ಕೇಬಲ್ ಕಾರಿನ ತಾರಸಿಯ ಮೇಲೆ ಸ್ವಲ್ಪ ಹೆಚ್ಚು ಹಣ ಕೊಟ್ಟು ನಿಂತು ಹೋಗಬಹುದು, ಬಿಸಿಲಿದ್ದರೆ ಕೊಡಲೇಬೇಕಾದ ಹಣ. ಈ ದಾರಿಯನ್ನು ಯಾವಾಗಲೂ ಮೆನ್‌ಲಿಖೆನ್‌ನಿಂದಲೇ ಶುರುಮಾಡಿ. ತಿರುಗುಮುರುಗಾದರೆ ಏರು ದಾರಿ, ಐಗರ್ ಬೆನ್ನ ಹಿಂದೆ. ಜೂನ್ ಮೊದಲ ವಾರದವರೆಗೂ ಇಲ್ಲಿ ಹಿಮ ಉಳಿದಿರಬಹುದು. ಮೇ ತಿಂಗಳ ರಜೆಗೆ ಬರುವ ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ: ಕೆಳಗೆ ಹೂವು ಅರಳಿರುತ್ತದೆ, ಮೇಲಿನ ದಾರಿ ಮುಚ್ಚಿರುತ್ತದೆ.

ಇಡೀ ದಿನ ನಡೆಯಬಲ್ಲವರು ಸ್ಟೆಖೆಲ್‌ಬೆರ್ಗ್‌ನಿಂದ ಓಬರ್‌ಸ್ಟೈನ್‌ಬೆರ್ಗ್ ದಾಟಿ 2065 ಮೀಟರಿನ ಓಬರ್‌ಹಾರ್ನ್ ಸರೋವರಕ್ಕೆ ಹೋಗಲಿ. ಏರಬೇಕಾದ್ದು 1100 ಮೀಟರಿಗೂ ಹೆಚ್ಚು, ಯಾವ ಕೇಬಲ್ ಕಾರೂ ಸಹಾಯಕ್ಕಿಲ್ಲ. ಅದಕ್ಕೇ ಜನವೂ ಇಲ್ಲ. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯವಾದ್ದರಿಂದ ಏಳಕ್ಕೇ ಹೊರಟು ಎರಡರೊಳಗೆ ಬಯಲು ದಿಬ್ಬಗಳಿಂದ ಇಳಿದಿರಬೇಕು.

ಯಾವ ತುದಿ, ಯಾವ ಟಿಕೆಟ್

ಯುಂಗ್‌ಫ್ರೌಯೋಖ್ 3454 ಮೀಟರ್. ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ. 1896ರಲ್ಲಿ ಕೆಲಸ ಶುರುವಾಗಿ 1912ರಲ್ಲಿ ಮುಗಿದ ದಾರಿ, ಬಹುಪಾಲು ಐಗರ್ ಮತ್ತು ಮ್ಯೋಂಖ್ ಬೆಟ್ಟಗಳೊಳಗಿನ ಸುರಂಗ. ಮೇಲಿಂದ ಆಲ್ಪ್ಸ್‌ನ ಅತಿ ಉದ್ದದ ಹಿಮನದಿ ಅಲೆಚ್ ಕಾಣುತ್ತದೆ. ಅದು ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗದ ನೋಟ. ಆದರೆ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರನ್ನೂ ಸಾಲಾಗಿ ನೋಡಬೇಕೆಂದರೆ ಎದುರಿನ 2970 ಮೀಟರಿನ ಷಿಲ್ಟ್‌ಹಾರ್ನ್‌ಗೇ ಹೋಗಬೇಕು. ಯುಂಗ್‌ಫ್ರೌಯೋಖ್‌ನಲ್ಲಿ ನೀವು ಆ ಸಾಲಿನ ಒಳಗೇ ನಿಂತಿರುತ್ತೀರಿ. ಹಿಮನದಿ ಬೇಕಿದ್ದರೆ ಯುಂಗ್‌ಫ್ರೌಯೋಖ್, ಶಿಖರಗಳ ನೋಟ ಬೇಕಿದ್ದರೆ ಷಿಲ್ಟ್‌ಹಾರ್ನ್, ಖರ್ಚು ಹಿಡಿತದಲ್ಲಿರಬೇಕೆಂದರೆ ಮೆನ್‌ಲಿಖೆನ್. ಮೂರನ್ನೂ ಮಾಡಲೇಬೇಕೆಂಬ ಹಟ ಬೇಡ.

ಪಾಸುಗಳ ಲೆಕ್ಕದಲ್ಲಿ ಹೆಚ್ಚಿನವರು ಸೋಲುತ್ತಾರೆ. ಇಡೀ ದೇಶ ಓಡಾಡಲು ಕೊಡುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ವೆಂಗೆನ್, ಮ್ಯೂರೆನ್‌ವರೆಗೆ ಬೇರೆ ಟಿಕೆಟ್ ಬೇಡ. ಅಲ್ಲಿಂದ ಮೇಲಕ್ಕೆ ಷಿಲ್ಟ್‌ಹಾರ್ನ್‌ಗೆ ಅರ್ಧ ದರ, ಯುಂಗ್‌ಫ್ರೌಯೋಖ್‌ಗೆ ಮಾತ್ರ ಕಾಲು ಭಾಗ ರಿಯಾಯಿತಿ. ಹಾಫ್ ಫೇರ್ ಕಾರ್ಡ್ ಇದ್ದರೆ ಯುಂಗ್‌ಫ್ರೌಯೋಖ್ ಸೇರಿ ಎಲ್ಲಕ್ಕೂ ಅರ್ಧ ದರ. ದಿನಕ್ಕೊಂದು ಊರು ಬದಲಿಸುವವರಿಗೆ ಪಾಸು ಸರಿ. ಒಂದೇ ಕಣಿವೆಯಲ್ಲಿ ಉಳಿದು ಬೆಟ್ಟ ಹತ್ತುವವರಿಗೆ ಸಾಮಾನ್ಯವಾಗಿ ಹಾಫ್ ಫೇರ್ ಕಾರ್ಡೇ ಲಾಭ. ಇದೇ ಕಣಿವೆ ಸುತ್ತ ಮೂರರಿಂದ ಎಂಟು ದಿನ ಓಡಾಡಲು ಯುಂಗ್‌ಫ್ರೌ ಟ್ರಾವೆಲ್ ಪಾಸ್ ಎಂಬುದೂ ಇದೆ. ಅದು ಐಗರ್‌ಗ್ಲೆಚರ್ ನಿಲ್ದಾಣದವರೆಗೆ ಮಾತ್ರ. ಕೊನೆಯ ಸುರಂಗದ ತುಂಡಿಗೆ ಪ್ರತ್ಯೇಕ ಟಿಕೆಟ್. 6ರಿಂದ 15 ವರ್ಷದ ಮಕ್ಕಳಿದ್ದರೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ಪಾಸು ಅಥವಾ ಕಾರ್ಡ್ ಇರುವ ತಂದೆತಾಯಿಯ ಜೊತೆ ಅವರಿಗೆ ಪ್ರಯಾಣ ಉಚಿತ. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಯುಂಗ್‌ಫ್ರೌಯೋಖ್ ಟಿಕೆಟನ್ನು ಊರಿನಲ್ಲೇ ತಿಂಗಳ ಮುಂಚೆ ಕೊಳ್ಳಬೇಡಿ. ಹಿಂದಿನ ಸಂಜೆ ಹವಾಮಾನ ನೋಡಿ ಬೆಳಗಿನ ಆಸನ ಕಾದಿರಿಸಿ, ಹೊರಡುವ ಮುನ್ನ ಶಿಖರದ ವೆಬ್‌ಕ್ಯಾಮ್ ನೋಡಿ. 2020ರ ಡಿಸೆಂಬರಿನಲ್ಲಿ ತೆರೆದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ನಿಂದ ಐಗರ್‌ಗ್ಲೆಚರ್‌ಗೆ ಹದಿನೈದೇ ನಿಮಿಷ. ಹತ್ತುವಾಗ ವೆಂಗೆನ್ ಮೂಲಕ ರೈಲು, ಇಳಿಯುವಾಗ ಈ ಕೇಬಲ್ ಕಾರ್ ಎಂದು ಸುತ್ತು ಹಾಕಿದರೆ ಎರಡೂ ಕಣಿವೆ ನೋಡಿದಂತಾಗುತ್ತದೆ. ರೈಲು ನಿಧಾನವಾಗಿ ಏರುವುದು ಮೈಗೂ ಒಳ್ಳೆಯದು. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು. ರೈಲಿಳಿದು ಓಡಿದ ಮಕ್ಕಳು, ಬೆಳಿಗ್ಗೆ ಏನೂ ತಿನ್ನದೆ ಬಂದ ಹಿರಿಯರು ತಲೆನೋವು, ವಾಕರಿಕೆ ಎಂದು ಕೂತುಬಿಡುತ್ತಾರೆ. ನಿಧಾನ ನಡೆಯಿರಿ, ನೀರು ಕುಡಿಯಿರಿ, ಕಡಿಮೆಯಾಗದಿದ್ದರೆ ಮುಂದಿನ ರೈಲಿನಲ್ಲಿ ಇಳಿಯಿರಿ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹತ್ತಬಾರದು.

ಚಳಿಗಾಲ: ಡಿಸೆಂಬರ್ ನಡುವಿನಿಂದ ಮಾರ್ಚ್

ಚಳಿಗಾಲದಲ್ಲಿ ಲೆಕ್ಕ ತಲೆಕೆಳಗು. ಬಂಡೆಗಳ ನೆರಳಿನಿಂದಾಗಿ ಕೆಳಗಿನ ಊರಿಗೆ ಡಿಸೆಂಬರ್, ಜನವರಿಯಲ್ಲಿ ಬಿಸಿಲು ಬೀಳುವುದೇ ಕೆಲವು ಗಂಟೆ. ಹಿಮವೂ ಅಲ್ಲಿ ಬಿದ್ದು ಕರಗಿ ಕೆಸರಾಗುತ್ತದೆ, ಟ್ರ್ಯುಮ್ಮೆಲ್‌ಬಾಖ್ ಮುಚ್ಚಿರುತ್ತದೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ವೆಂಗೆನ್ ಅಥವಾ ಮ್ಯೂರೆನ್‌ನಲ್ಲೇ ಉಳಿಯಿರಿ. ಬಿಸಿಲು, ಹಿಮ, ಇಳಿಜಾರು ಮೂರೂ ಬಾಗಿಲಲ್ಲೇ ಇರುತ್ತವೆ.

ಎರಡರಲ್ಲಿ ಯಾವುದು? ಸ್ಕೀ ಕಲಿಯಬೇಕೆಂದರೆ ವೆಂಗೆನ್. ಊರ ನಡುವೆಯೇ ಹೊಸಬರ ಮೈದಾನವಿದೆ. ಮೆನ್‌ಲಿಖೆನ್, ಕ್ಲೈನೆ ಷೈಡೆಗ್ ಸುತ್ತ ಅಗಲವಾದ ನೀಲಿ, ಕೆಂಪು ಇಳಿಜಾರುಗಳಿವೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಮ್ಯೂರೆನ್ ಕಡೆ ಕಡಿದು ಜಾಸ್ತಿ, ಎತ್ತರವೂ ಜಾಸ್ತಿ. ಆದ್ದರಿಂದ ಹಿಮ ಹೆಚ್ಚು ಭರವಸೆಯದ್ದು, ಸ್ಕೀ ಬಲ್ಲವರಿಗೆ ಹೇಳಿಮಾಡಿಸಿದ್ದು. ಈ ಆಟದ ಚರಿತ್ರೆಯಲ್ಲಿ ಮ್ಯೂರೆನ್ ಸಣ್ಣ ಹೆಸರಲ್ಲ: ಕಂಬಗಳ ನಡುವೆ ಅಂಕುಡೊಂಕಾಗಿ ಜಾರುವ ಆಧುನಿಕ ಸ್ಲಾಲಂ ಪಂದ್ಯವನ್ನು 1922ರಲ್ಲಿ ಇಲ್ಲಿ ರೂಪಿಸಿದವರು ಆರ್ನಾಲ್ಡ್ ಲನ್, ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ, 1888ರಲ್ಲಿ. ಮೊದಲ ಆಲ್ಪೈನ್ ಸ್ಕೀ ವಿಶ್ವ ಚಾಂಪಿಯನ್‌ಷಿಪ್ 1931ರಲ್ಲಿ ನಡೆದದ್ದೂ ಮ್ಯೂರೆನ್‌ನಲ್ಲೇ. ಶಾಂತವಾದ ಚಳಿಗಾಲ ಬೇಕಿದ್ದವರು ಜನವರಿ ನಡುವಿನ ಲೌಬರ್‌ಹಾರ್ನ್ ಪಂದ್ಯದ ವಾರ ವೆಂಗೆನ್ ಬಿಟ್ಟುಬಿಡಬೇಕು. ಸ್ಕೀ ವಿಶ್ವಕಪ್ಪಿನ ಅತಿ ಉದ್ದದ ಡೌನ್‌ಹಿಲ್ (ವೇಗದ ಇಳಿಜಾರು ಓಟ) ನೋಡಲು ಸಾವಿರಾರು ಮಂದಿ ಬರುತ್ತಾರೆ, ಕೋಣೆ ಸಿಗುವುದಿಲ್ಲ, ಕೆಲವು ಇಳಿಜಾರು ಮುಚ್ಚಿರುತ್ತವೆ.

ಮೊದಲ ಬಾರಿ ಸ್ಕೀ ಕಟ್ಟುವವರು ಕನಿಷ್ಠ ಮೂರು ಬೆಳಗಿನ ಪಾಠ ಇಟ್ಟುಕೊಳ್ಳಿ. ಮೊದಲ ದಿನ ಬೀಳುವುದು, ಏಳುವುದು, ನಿಲ್ಲಿಸುವುದು ಇಷ್ಟಕ್ಕೇ ಸರಿಹೋಗುತ್ತದೆ; ಖುಷಿ ಸಿಗುವುದು ಮೂರನೆಯ ದಿನಕ್ಕೆ. ಬಾಡಿಗೆ ಅಂಗಡಿಯಲ್ಲಿ ಬೂಟಿಗೆ ಹೆಚ್ಚು ಹೊತ್ತು ಕೊಡಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬೇಕು, ಮೊಣಕಾಲು ಮಡಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ಮಡಿಕೆ ಒತ್ತಿ ಗುಳ್ಳೆಯೇಳುತ್ತದೆ, ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಉದ್ದನೆಯ ತೆಳು ಚೀಲ ಒಂದೇ ಸಾಕು. ಪ್ಯಾಂಟನ್ನು ಬೂಟಿನೊಳಗೆ ತುರುಕಬಾರದು. ತೂಕ, ಎತ್ತರ, ವಯಸ್ಸು ಕೇಳಿದಾಗ ನಾಚಿಕೆಪಟ್ಟು ಸುಳ್ಳು ಹೇಳಬೇಡಿ. ಬೀಳುವಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವ ಬಿಗಿಯನ್ನು ಆ ಅಂಕಿಗಳ ಮೇಲೆಯೇ ಹೊಂದಿಸುತ್ತಾರೆ. ಬಿಗಿ ಹೆಚ್ಚಾದರೆ ಕಳಚದೆ ಮೊಣಕಾಲು ತಿರುಚುತ್ತದೆ, ಸಡಿಲವಾದರೆ ಓಡುತ್ತಿರುವಾಗಲೇ ಬಿಟ್ಟುಕೊಳ್ಳುತ್ತದೆ. ಜೀನ್ಸ್, ಹತ್ತಿಯ ಒಳಅಂಗಿ ಬೇಡ; ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯುತ್ತದೆ.

ಒಂದೇ ದಿನವಿದ್ದರೆ ಸ್ಕೀ ಬಿಟ್ಟು, ಕುಳಿತು ಹಿಮದ ಮೇಲೆ ಜಾರುವ ಸ್ಲೆಡ್ಜ್ ಬಾಡಿಗೆಗೆ ಪಡೆಯಿರಿ. ರೈಲಿನಲ್ಲಿ ಮೇಲೇರಿ ವೆಂಗೆನ್‌ವರೆಗೆ ಜಾರಿ ಬರುವ ದಾರಿಯಲ್ಲಿ ಎಂಟು ವರ್ಷದ ಮಗುವಿನಿಂದ ಅಜ್ಜನವರೆಗೆ ಎಲ್ಲರಿಗೂ ಸಂತೋಷವಿದೆ. ಕುಳಿತೇ ಹೋಗಬೇಕು, ಮಲಗಿ ತಲೆ ಮುಂದೆ ಮಾಡಬಾರದು. ಎಡಕ್ಕೆ ತಿರುಗಲು ಎಡಗಾಲನ್ನು ಹಿಮಕ್ಕೆ ಒತ್ತಬೇಕು, ನಿಲ್ಲಿಸಲು ಎರಡೂ ಪಾದಗಳನ್ನು ಚಪ್ಪಟೆಯಾಗಿ ಊರಿ ಸ್ಲೆಡ್ಜಿನ ಮುಂತುದಿ ಎತ್ತಬೇಕು. ನುಣುಪು ತಳದ ಶೂನಲ್ಲಿ ಇದು ಆಗದ ಮಾತು. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ, ಬಿಡಬೇಡಿ. ಸುಮ್ಮನೆ ನಡೆಯುವವರಿಗೂ ಹಿಮ ಹದಮಾಡಿದ ದಾರಿಗಳಿವೆ, ಫಲಕ ಗುಲಾಬಿ ಬಣ್ಣದ್ದು. ಅವುಗಳನ್ನು ಬಿಟ್ಟು ಅಡ್ಡದಾರಿ ಹಿಡಿದರೆ ಹಿಮಕುಸಿತದ ಅಪಾಯ. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಪ್ರತಿದಿನ ಪ್ರಕಟಿಸುವ ಐದು ಹಂತದ ಎಚ್ಚರಿಕೆಯಲ್ಲಿ ಮೂರು ಅಥವಾ ಮೇಲಿದ್ದ ದಿನವಂತೂ ಗುರುತಿಲ್ಲದ ಇಳಿಜಾರಿಗೆ ಕಾಲಿಡಬಾರದು.

ಇನ್ನೊಂದು ತೊಂದರೆ ಫ್ಯೋನ್ ಗಾಳಿ. ಆಲ್ಪ್ಸ್ ದಾಟಿ ದಕ್ಷಿಣದಿಂದ ಇಳಿಯುವಾಗ ಬಿಸಿಯಾಗುವ ಈ ಒಣಗಾಳಿ ರಭಸವಾಗಿ ಬೀಸಿದರೆ ಕೇಬಲ್ ಕಾರುಗಳು ನಿಲ್ಲುತ್ತವೆ. ವೆಂಗೆನ್‌ಗೆ ಹಲ್ಲುಚಕ್ರದ ರೈಲಿದೆ, ಅದು ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ಮ್ಯೂರೆನ್‌ಗೆ ಎರಡೂ ದಾರಿಯಲ್ಲಿ ಕೇಬಲ್ ಕಾರೇ ಗತಿ. ಆದ್ದರಿಂದ ಮ್ಯೂರೆನ್‌ನಿಂದ ನೇರ ವಿಮಾನಕ್ಕೆ ಹೊರಡುವ ಯೋಜನೆ ಬೇಡ, ಕೊನೆಯ ರಾತ್ರಿ ಕೆಳಗೋ ಜ್ಯೂರಿಕ್‌ನಲ್ಲೋ ಇರಲಿ. ನವೆಂಬರ್, ಮತ್ತು ಏಪ್ರಿಲ್ ನಡುವಿನಿಂದ ಮೇ ತನಕ ಕೇಬಲ್ ಕಾರುಗಳು ಸರದಿಯಂತೆ ದುರಸ್ತಿಗೆ ನಿಲ್ಲುತ್ತವೆ, ಮೇಲಿನ ಊರುಗಳ ಹೋಟೆಲುಗಳೂ ಮುಚ್ಚುತ್ತವೆ. ಆಗ ಸಿಗುವ ಅಗ್ಗದ ಕೋಣೆಗೆ ಕಾರಣ ಅದೇ.

ಸಸ್ಯಾಹಾರಿಗಳಿಗೆ

ಆಲೂಗಡ್ಡೆಯ ರೋಸ್ಟಿ ಎಲ್ಲ ಕಡೆ ಸಿಗುತ್ತದೆ, ಆದರೆ ಹಂದಿಮಾಂಸದ ಚೂರು ಸೇರಿಸುವ ರೂಢಿಯಿದೆ. ‘ಸ್ಪೆಕ್ ಬೇಡ’ ಎಂದು ಹೇಳಿಯೇ ತರಿಸಿ. ಮ್ಯಾಕರೋನಿ, ಆಲೂಗಡ್ಡೆ, ಚೀಸ್ ಸೇರಿದ ಎಲ್ಪ್ಲರ್‌ಮ್ಯಾಗ್ರೊನೆನ್‌ಗೂ ಇದೇ ಮಾತು. ಫಾಂಡ್ಯೂ ಎಂಬ ಕರಗಿದ ಚೀಸಿನಲ್ಲಿ ವೈನ್, ಕಿರ್ಷ್ ಮದ್ಯ ಇರುತ್ತವೆ. ಸೂಪಿನ ತಿಳಿ ಮಾಂಸದ್ದಾಗಿರಬಹುದು. ಸಾಂಪ್ರದಾಯಿಕ ಸ್ವಿಸ್ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ ಎಂಬುದೂ ಕಟ್ಟುನಿಟ್ಟಿನವರಿಗೆ ಗೊತ್ತಿರಬೇಕು.

ಕುಟುಂಬವಾಗಿ ಬಂದವರಿಗೆ ಅಡುಗೆಮನೆ ಇರುವ ಬಾಡಿಗೆ ಮನೆಯೇ ಅನುಕೂಲ. ಲೌಟರ್‌ಬ್ರುನ್ನೆನ್, ವೆಂಗೆನ್, ಮ್ಯೂರೆನ್ ಮೂರರಲ್ಲೂ ಕೋಪ್ ಅಂಗಡಿಯಿದೆ. ಅಕ್ಕಿ, ಬೇಳೆಕಾಳು, ಮೊಸರು, ತರಕಾರಿಗೆ ಕೊರತೆಯಿಲ್ಲ. ಒಲೆ ಇಂಡಕ್ಷನ್ ಆಗಿದ್ದರೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡದು. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ, ಹಾಲಿನ ಪುಡಿ ಬೇಡ, ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿನ ಸುಂಕದವರು ಬಿಡುವುದಿಲ್ಲ. ಅಲ್ಲಿನ ಗೋಡೆಯ ಪ್ಲಗ್ಗಿನ ತೂತು ಒಳಕ್ಕೆ ತಗ್ಗಿರುತ್ತದೆ, ದಪ್ಪ ಗುಂಡನೆಯ ಯುರೋಪಿಯನ್ ಅಡಾಪ್ಟರ್ ಕೂರುವುದಿಲ್ಲ. ಸ್ವಿಸ್ ಅಡಾಪ್ಟರೇ ಬೇಕು.

ಕೊನೆಯದಾಗಿ ವಿಮೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ, ಆದರೆ ವೀಸಾಕ್ಕೆಂದೇ ಮಾಡಿಸುವ ಅಗ್ಗದ ಪಾಲಿಸಿಗಳಲ್ಲಿ ಸ್ಕೀ, ಸ್ಲೆಡ್ಜ್ ಗಾಯಗಳನ್ನು ಹೊರಗಿಟ್ಟಿರುವುದುಂಟು. ಚಳಿಗಾಲದ ಆಟ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯೇ ಎಂದು ಷರತ್ತಿನಲ್ಲಿ ಹುಡುಕಿ ಓದಿ. ಅಲ್ಲಿ ಬೆಟ್ಟದಿಂದ ಎತ್ತಿ ತಂದ ಖರ್ಚಿನ ಬಿಲ್ ಗಾಯಾಳುವಿಗೇ ಬರುತ್ತದೆ. ಆಂಬುಲೆನ್ಸ್‌ಗೆ 144, ರೆಗಾ ಎಂಬ ರಕ್ಷಣಾ ಸಂಸ್ಥೆಯ ಹೆಲಿಕಾಪ್ಟರ್‌ಗೆ 1414, ಯಾವುದೂ ನೆನಪಾಗದಿದ್ದರೆ 112. ಕರೆ ಮಾಡಿದಾಗ ಹತ್ತಿರದ ಹಳದಿ ಫಲಕದ ಮೇಲಿರುವ ಜಾಗದ ಹೆಸರು, ಎತ್ತರ ಓದಿ ಹೇಳಿದರೆ ನಿಮ್ಮನ್ನು ಬೇಗ ಹುಡುಕುತ್ತಾರೆ.